ಹವಳದ ತೊಟ್ಟಿಗೆ ಮನೆಯಲ್ಲೇ ಎಲ್‌ಇಡಿ ದೀಪ ಕಟ್ಟುವುದು ಹೇಗೆ?

ಬೆಂಗಳೂರಿನ ಸಿದ್ದಾಪುರದ ನರ್ಸರಿಗಳಲ್ಲಿ ಗಿಡ ಕೇಳಿದರೆ ಮೊದಲು ಬರುವ ಮರುಪ್ರಶ್ನೆ, ‘ಮನೇಲಿ ಬಿಸಿಲು ಎಷ್ಟು ಹೊತ್ತು ಬೀಳುತ್ತೆ?’ ಉಪ್ಪುನೀರಿನ ಅಕ್ವೇರಿಯಂನಲ್ಲಿ ಹವಳ ಸಾಕಬೇಕು ಅನ್ನುವವರೂ ಅದೇ ಪ್ರಶ್ನೆಯಿಂದ ಶುರು ಮಾಡಬೇಕು. ಮೀನಿಗೆ ಬೆಳಕು ಹೆಚ್ಚುಕಡಿಮೆಯಾದರೂ ನಡೆದೀತು. ಹವಳಕ್ಕೆ ನಡೆಯದು.

ಹವಳ ಕಾಣಲು ಗಿಡದಂತಿದ್ದರೂ ಅದೊಂದು ಪ್ರಾಣಿ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಮನೆ ಮಾಡಿಕೊಂಡಿರುತ್ತದೆ. ಇದರ ಹೆಸರು ಝೂಕ್ಸಾಂಥೆಲ್ಲೆ. ಈ ಪಾಚಿ ಬೆಳಕು ಹಿಡಿದು ಸಕ್ಕರೆ ತಯಾರಿಸುತ್ತದೆ, ಅದರಲ್ಲಿ ದೊಡ್ಡ ಪಾಲನ್ನು ಹವಳಕ್ಕೆ ಕೊಡುತ್ತದೆ. ಬೆಳಕು ಸಾಲದಿದ್ದರೆ ಹವಳ ನಿಧಾನವಾಗಿ ಸೊರಗುತ್ತದೆ. ಬೆಳಕು ಅಥವಾ ಬಿಸಿ ಮಿತಿ ಮೀರಿದರೆ ಪಾಚಿಯನ್ನೇ ಹೊರಗೆ ದಬ್ಬಿ ಬಿಳಿಚಿಕೊಳ್ಳುತ್ತದೆ. ಇದಕ್ಕೆ ಬ್ಲೀಚಿಂಗ್ ಅನ್ನುತ್ತಾರೆ. ಹೊಸದಾಗಿ ದೀಪ ಕಟ್ಟಿದವರ ಮನೆಯಲ್ಲಿ ಹೆಚ್ಚಾಗಿ ಕಾಣುವುದು ಈ ಎರಡನೆಯ ತೊಂದರೆಯೇ. ಆದ್ದರಿಂದ ಈ ಲೇಖನದಲ್ಲಿ ‘ಎಷ್ಟು ವ್ಯಾಟ್’ ಅನ್ನುವುದಕ್ಕಿಂತ ‘ಎಷ್ಟಕ್ಕೆ ಇಳಿಸಬಹುದು’ ಅನ್ನುವ ಮಾತೇ ಹೆಚ್ಚು ಬರುತ್ತದೆ.

‘ಕಿಟಕಿ ಪಕ್ಕ ಇಟ್ಟರೆ ಸಾಲದೇ?’ ಸಾಲದು. ಅಕ್ಕಪಕ್ಕ ಮನೆಗಳು ಒತ್ತಿಕೊಂಡಿರುವ ನಮ್ಮ ಬೀದಿಗಳಲ್ಲಿ ಕಿಟಕಿಗೆ ಬಿಸಿಲು ಬೀಳುವುದೇ ಒಂದೆರಡು ಗಂಟೆ, ಅದೂ ಓರೆಯಾಗಿ. ಬಿದ್ದಷ್ಟು ಹೊತ್ತು ನೀರು ಕಾಯುತ್ತದೆ, ಗಾಜಿನ ಮೇಲೆ ಹಸಿರು ಪಾಚಿ ಕಟ್ಟುತ್ತದೆ. ಹವಳದ ತೊಟ್ಟಿಯ ನೀರು 25ರಿಂದ 27 ಡಿಗ್ರಿ ಸೆಲ್ಸಿಯಸ್ ಇದ್ದರೆ ಒಳ್ಳೆಯದು. 2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಬಿಸಿಲು 39.2 ಡಿಗ್ರಿ ಮುಟ್ಟಿತ್ತು. ಬೇಸಿಗೆಯಲ್ಲಿ ಗಾಜಿನ ತೊಟ್ಟಿಯನ್ನು ಬಿಸಿಲಿಗೆ ಒಡ್ಡುವ ಊರು ಇದಲ್ಲ.

‘ಹಾಗಾದರೆ ಮನೆಯ ಎಲ್‌ಇಡಿ ಬಲ್ಬನ್ನೇ ಮೇಲೆ ತೂಗುಹಾಕಿದರೆ?’ ಇದಕ್ಕೆ ಉತ್ತರ ಬಣ್ಣದಲ್ಲಿದೆ. 1921ರಲ್ಲಿ ಇಂಗ್ಲೆಂಡಿನಿಂದ ಹಡಗಿನಲ್ಲಿ ಮರಳುತ್ತಿದ್ದ ಸಿ.ವಿ. ರಾಮನ್ ಅವರಿಗೆ ಮೆಡಿಟರೇನಿಯನ್ ಸಮುದ್ರದ ನೀಲಿ ಹಿಡಿಸಿಬಿಟ್ಟಿತು. ಅದು ಆಕಾಶದ ಪ್ರತಿಬಿಂಬ ಮಾತ್ರ ಎಂಬ ಮಾತನ್ನು ಅವರು ಒಪ್ಪಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚದುರಿಸುತ್ತವೆ ಎಂದು ತೋರಿಸಿದರು. ಹವಳ ಸಾಕುವವರಿಗೆ ಬೇಕಾದದ್ದು ಸಮುದ್ರದ ಬಣ್ಣದ ಇನ್ನೊಂದು ಮಗ್ಗುಲು. ನೀರು ಕೆಂಪು ಬೆಳಕನ್ನು ಬೇಗ ಹೀರಿಕೊಳ್ಳುತ್ತದೆ. ಹತ್ತು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಹುಪಾಲು ಮುಗಿದಿರುತ್ತದೆ, ನೀಲಿ ಮಾತ್ರ ಇನ್ನೂ ಆಳಕ್ಕೆ ಹೋಗುತ್ತದೆ. ಅಲ್ಲಿ ಬದುಕುವ ಹವಳದ ಪಾಚಿ ನೀಲಿಯನ್ನೇ ನೆಚ್ಚಿಕೊಂಡಿದೆ. ಮನೆಯ ಬಲ್ಬು ಮಾತ್ರ ನಮ್ಮ ಕಣ್ಣಿಗೆ ಹಿತವಾಗಲೆಂದು ಹಳದಿ, ಹಸಿರನ್ನು ಧಾರಾಳವಾಗಿ ಬೆರೆಸಿ ಮಾಡಿದ್ದು.

ಬೆಳಕಿನ ಬಣ್ಣವನ್ನು ನ್ಯಾನೋಮೀಟರ್‌ನಲ್ಲಿ ಅಳೆಯುತ್ತಾರೆ. ಹವಳಕ್ಕೆ ಮುಖ್ಯವಾಗಿ ಬೇಕಾದದ್ದು 450 ನ್ಯಾನೋಮೀಟರ್ ಸುತ್ತಮುತ್ತಲಿನ ಕಡು ನೀಲಿ. ಅಂಗಡಿಯಲ್ಲಿ ಇದಕ್ಕೆ ‘ರಾಯಲ್ ಬ್ಲೂ’ ಅನ್ನುತ್ತಾರೆ. ಅದರ ಜೊತೆಗೆ 410ರಿಂದ 420ರ ನೇರಳೆ ಸ್ವಲ್ಪ ಇರಲಿ. ತೊಟ್ಟಿ ತೀರಾ ನೀಲಿ ಬಲ್ಬಿನ ಕೋಣೆಯಂತೆ ಕಾಣಬಾರದು ಅನ್ನುವ ಕಾರಣಕ್ಕೆ ಒಂದಿಷ್ಟು ಬಿಳಿಯೂ ಬೇಕು. ಬಿಳಿ ಎಲ್‌ಇಡಿ ಅಂದರೂ ಒಳಗಿರುವುದು ನೀಲಿ ಚಿಪ್ಪೇ, ಮೇಲೆ ಹಳದಿ ಪುಡಿಯ ಲೇಪ ಇರುತ್ತದೆ. ಪ್ರಕಾಶಮಾನವಾದ ನೀಲಿ ಎಲ್‌ಇಡಿ 1993ರಲ್ಲಿ ಜಪಾನಿನಲ್ಲಿ ಶುಜಿ ನಕಾಮುರಾ ಅವರ ಕೈಯಲ್ಲಿ ಸಿದ್ಧವಾಯಿತು. ಆ ಕೆಲಸಕ್ಕೆ ಅವರಿಗೂ ಅಕಸಾಕಿ, ಅಮಾನೊ ಅವರಿಗೂ 2014ರಲ್ಲಿ ನೊಬೆಲ್ ಬಂತು. ಎಲ್‌ಇಡಿ ದೀಪ ಬರುವ ಮುಂಚೆ ಹವಳ ಸಾಕುತ್ತಿದ್ದವರು 150, 250 ವ್ಯಾಟಿನ ಮೆಟಲ್ ಹ್ಯಾಲೈಡ್ ದೀಪ ತೂಗುಹಾಕಿ, ಅದರ ಬಿಸಿ ಇಳಿಸಲು ಚಿಲ್ಲರ್ ಯಂತ್ರವನ್ನೂ ಇಡಬೇಕಿತ್ತು.

ಮೊದಲು ಕಾನೂನು

ದೀಪದ ಲೆಕ್ಕಕ್ಕೆ ಇಳಿಯುವ ಮುಂಚೆ ಯಾವ ಹವಳ ಅನ್ನುವುದು ತೀರ್ಮಾನವಾಗಬೇಕು. ಇದನ್ನು ಅನೇಕ ಅಂಗಡಿಯವರು ಹೇಳುವುದಿಲ್ಲ. ನಮ್ಮ ದೇಶದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ. ಅದರ ಮೊದಲ ಅನುಸೂಚಿ ಹುಲಿ, ಆನೆಗಳಿರುವ ಪಟ್ಟಿ. 2001ರಲ್ಲಿ ಹವಳಗಳೂ ಆ ಪಟ್ಟಿಗೆ ಸೇರಿದವು. ಕಲ್ಲಿನ ಗೂಡು ಕಟ್ಟುವ ಎಲ್ಲ ಗಟ್ಟಿ ಹವಳಗಳು, ಕಪ್ಪು ಹವಳ, ಆರ್ಗನ್ ಪೈಪ್ ಹವಳ, ಬೆಂಕಿ ಹವಳ, ಬೀಸಣಿಗೆಯಾಕಾರದ ಸೀ ಫ್ಯಾನ್, ಇವನ್ನು ಹಿಡಿಯುವುದು, ಮಾರುವುದು ಅಪರಾಧ. ಮೊದಲ ಅನುಸೂಚಿಯ ಜೀವಿಗಳ ಪ್ರಕರಣದಲ್ಲಿ 3ರಿಂದ 7 ವರ್ಷ ಜೈಲಾಗಬಹುದು. ನಮ್ಮ ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದಲ್ಲಿ ಹವಳಗಳಿವೆ. ಮುಳುಗಿ ನೋಡಿ ಬನ್ನಿ. ಒಂದು ತುಂಡನ್ನೂ ಮುರಿದು ತರಬೇಡಿ.

‘ಇದು ಹೊರದೇಶದ ಫಾರಂನಲ್ಲಿ ಬೆಳೆಸಿದ್ದು ಸಾರ್’ ಎಂದು ಅಂಗಡಿಯಲ್ಲಿ ಹೇಳಬಹುದು. ಹಾಗಿದ್ದರೆ ಆಮದಿನ ಕಾಗದ ತೋರಿಸಲಿ, ಬಿಲ್ಲು ಕೊಡಲಿ. ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧ ಇರುವ ಜೀವಿಗಳನ್ನು ಮನೆಯಲ್ಲಿ ಇಟ್ಟುಕೊಂಡವರು ಕೇಂದ್ರದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಬೇಕು ಎಂದು 2024ರಲ್ಲಿ ನಿಯಮ ಬಂದಿದೆ. ಗಟ್ಟಿ ಹವಳಗಳು ಆ ನಿರ್ಬಂಧದೊಳಗಿವೆ. ಸಂಶಯವಿದ್ದರೆ ಮಲ್ಲೇಶ್ವರದ ಅರಣ್ಯ ಭವನದಲ್ಲಿ ವಿಚಾರಿಸಿ. ಕೊಂಡ ಮೇಲಲ್ಲ, ಕೊಳ್ಳುವ ಮುಂಚೆ.

ಮನೆಗೆ ನಾನು ಹೇಳುವುದು ಮೃದು ಹವಳ ಮತ್ತು ಅದರ ನಂಟರು. ಅಣಬೆಯಂತೆ ಹರಡುವ ಮಶ್ರೂಮ್, ಗುಂಡಿಗಳ ಗೊಂಚಲಿನಂತೆ ಕಾಣುವ ಝೋಆಂತಿಡ್, ತೊಗಲಿನಂಥ ಲೆದರ್ ಹವಳ. ಇವು ಮೇಲೆ ಹೇಳಿದ ಐದು ಗುಂಪುಗಳಿಗೆ ಸೇರಿದವಲ್ಲ. ಆದರೂ ಬಿಲ್ಲು ತೆಗೆದಿಟ್ಟುಕೊಳ್ಳಿ. ಝೋಆಂತಿಡ್‌ಗಳಲ್ಲಿ ಕೆಲವಕ್ಕೆ ಕಡು ವಿಷ ಇರುತ್ತದೆ, ಅವನ್ನು ಮುಟ್ಟುವಾಗ ಕೈಗವಸು ಮತ್ತು ಕನ್ನಡಕ ತಪ್ಪದಿರಲಿ.

ಈ ಆಯ್ಕೆಯಿಂದ ದೀಪದ ಕೆಲಸವೂ ಹಗುರಾಗುತ್ತದೆ. ಗಿಡ, ಪಾಚಿಗಳು ಬಳಸಬಲ್ಲ ಬೆಳಕನ್ನು ‘ಪಾರ್’ ಎಂಬ ಅಳತೆಯಲ್ಲಿ ಹೇಳುತ್ತಾರೆ. 400ರಿಂದ 700 ನ್ಯಾನೋಮೀಟರ್‌ವರೆಗಿನ ಬೆಳಕಿನ ಕಣಗಳು ಒಂದು ಚದರ ಮೀಟರ್ ಜಾಗಕ್ಕೆ ಸೆಕೆಂಡಿಗೆ ಎಷ್ಟು ಬೀಳುತ್ತವೆ ಅನ್ನುವ ಲೆಕ್ಕ ಅದು. ಲಾಲ್‌ಬಾಗ್ ಬಂಡೆಯ ಮೇಲೆ ನಡುಮಧ್ಯಾಹ್ನದ ಬಿಸಿಲಲ್ಲಿ ಅಳೆದರೆ ಸುಮಾರು 2000 ಬರುತ್ತದೆ. ಕವಲೊಡೆದು ಬೆಳೆಯುವ ಗಟ್ಟಿ ಹವಳಗಳಿಗೆ 200ರಿಂದ 350 ಬೇಕಾಗುತ್ತದೆ. ಮೃದು ಹವಳಕ್ಕೆ 50ರಿಂದ 100 ಸಾಕು. ವಿದೇಶದ ವಿಡಿಯೋಗಳಲ್ಲಿ ತೋರಿಸುವ ದೈತ್ಯ ದೀಪಗಳು ಬಹುಪಾಲು ಗಟ್ಟಿ ಹವಳಕ್ಕೆಂದು ಕಟ್ಟಿದವು. ಅವನ್ನು ನಕಲು ಮಾಡುವ ಅಗತ್ಯ ನಮಗಿಲ್ಲ.

ನಾಲ್ಕು ಭಾಗಗಳು

ದೀಪದಲ್ಲಿರುವುದು ನಾಲ್ಕೇ ಭಾಗ: ಎಲ್‌ಇಡಿ, ಅದರ ಬಿಸಿ ಹೊರಹಾಕುವ ಹೀಟ್ ಸಿಂಕ್, ಕರೆಂಟನ್ನು ಹದವಾಗಿ ಕೊಡುವ ಡ್ರೈವರ್, ಹೊತ್ತು ನೋಡಿ ಏರಿಸಿ ಇಳಿಸುವ ಟೈಮರ್. ಉದಾಹರಣೆಗೆ 60 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರದ ತೊಟ್ಟಿ ತೆಗೆದುಕೊಳ್ಳೋಣ. ಸುಮಾರು 120 ಲೀಟರ್ ಹಿಡಿಯುತ್ತದೆ.

ಇದಕ್ಕೆ ‘3 ವ್ಯಾಟ್’ ಎಂದು ಮಾರುವ ಎಲ್‌ಇಡಿ 24 ಬೇಕು. ನಕ್ಷತ್ರದಾಕಾರದ 20 ಮಿಲಿಮೀಟರ್ ಅಲ್ಯೂಮಿನಿಯಂ ಬಿಲ್ಲೆಯ ಮೇಲೆ ಕೂರಿಸಿರುವುದನ್ನೇ ಕೇಳಿ. ಅದಕ್ಕೆ ‘ಸ್ಟಾರ್’ ಅನ್ನುತ್ತಾರೆ. ಬಿಡಿ ಚಿಪ್ಪು ತಂದರೆ ಮನೆಯಲ್ಲಿ ಬೆಸುಗೆ ಹಾಕಲಾಗದು. 12 ರಾಯಲ್ ಬ್ಲೂ, 8 ಬಿಳಿ, 4 ನೇರಳೆ. ಬಿಳಿಯದು 6500 ಕೆಲ್ವಿನ್ ಅಥವಾ ಅದಕ್ಕೂ ಮೇಲಿನ, ಅಂದರೆ ತಣ್ಣನೆಯ ಬಿಳಿ ಇರಲಿ.

ಇವನ್ನು ಪೂರ್ತಿ ಉರಿಸುವುದಿಲ್ಲ, ಅರ್ಧದ ಆಸುಪಾಸಿಗೆ ಇಳಿಸಿಡುತ್ತೇವೆ. ‘ಅರ್ಧಕ್ಕೆ ಇಳಿಸಿಯೇ ಉರಿಸುವುದಾದರೆ 12 ಸಾಲದೇ?’ ಬೆಳಕಿನ ಒಟ್ಟು ಮೊತ್ತಕ್ಕೆ ಸಾಕು, ಆದರೆ ಹರಡಿಕೆಗೆ ಸಾಲದು. ಕಡಿಮೆ ಎಲ್‌ಇಡಿ ಇದ್ದರೆ ಅಲ್ಲಲ್ಲಿ ಚುಕ್ಕಿ ಬೆಳಕು, ನಡುವೆ ನೆರಳು. ಜೊತೆಗೆ ಅರ್ಧ ಕರೆಂಟಿನಲ್ಲಿ ಉರಿಯುವ ಎಲ್‌ಇಡಿ ತಣ್ಣಗಿರುತ್ತದೆ, ಹೆಚ್ಚು ವರ್ಷ ಬಾಳುತ್ತದೆ.

ಡ್ರೈವರ್ ಬಗ್ಗೆ ನಿಧಾನವಾಗಿ ಹೇಳಬೇಕು. ಎಡವುವವರೆಲ್ಲ ಇಲ್ಲೇ ಎಡವುತ್ತಾರೆ. ಎಲ್‌ಇಡಿಗೆ ವೋಲ್ಟೇಜ್ ಸ್ವಲ್ಪ ಹೆಚ್ಚಾದರೂ ಕರೆಂಟು ವಿಪರೀತ ಏರುತ್ತದೆ. ಬಿಸಿಯಾದಂತೆಲ್ಲ ಇನ್ನೂ ಏರುತ್ತದೆ, ಕೊನೆಗೆ ಸುಡುತ್ತದೆ. ಆದ್ದರಿಂದ ಅದಕ್ಕೆ ಬೇಕಾದದ್ದು ಕರೆಂಟನ್ನು ಒಂದೇ ಮಟ್ಟದಲ್ಲಿ ಹಿಡಿದಿಡುವ ‘ಕಾನ್‌ಸ್ಟಂಟ್ ಕರೆಂಟ್’ ಡ್ರೈವರ್. ಮಾಮೂಲಿ ಅಡಾಪ್ಟರನ್ನು ನೇರ ಸಿಕ್ಕಿಸಬಾರದು. ಮನೆಯಲ್ಲಿ ಕಟ್ಟುವವರು ಹೆಚ್ಚಾಗಿ ಬಳಸುವುದು ತೈವಾನಿನ ಮೀನ್ ವೆಲ್ ಕಂಪನಿಯ ಎಲ್‌ಡಿಡಿ-700ಎಚ್ ಎಂಬ ಬೆಂಕಿಪೊಟ್ಟಣಕ್ಕಿಂತ ಚಿಕ್ಕ ಡಬ್ಬಿ. ಇದಕ್ಕೆ 9ರಿಂದ 56 ವೋಲ್ಟ್ ಡಿಸಿ ಕೊಟ್ಟರೆ 700 ಮಿಲಿಆಂಪ್ ಕರೆಂಟನ್ನು ಹಿಡಿದಿಡುತ್ತದೆ. ಒಳಗೆ ಬರುವ ವೋಲ್ಟೇಜು ಹೊರಗೆ ಹೋಗುವುದಕ್ಕಿಂತ ಕನಿಷ್ಠ 3 ವೋಲ್ಟ್ ಹೆಚ್ಚಿರಬೇಕು.

ಈಗ ಲೆಕ್ಕ. ಒಂದು ಎಲ್‌ಇಡಿಗೆ ಸುಮಾರು 3.3 ವೋಲ್ಟ್. 12 ರಾಯಲ್ ಬ್ಲೂಗಳನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ಸೇರಿಸಿ ಸರಣಿಯಾಗಿ ಕಟ್ಟಿದರೆ ಸುಮಾರು 40 ವೋಲ್ಟ್. ಹಾಗಾಗಿ 48 ವೋಲ್ಟಿನ ಪವರ್ ಸಪ್ಲೈ ಸರಿಹೋಗುತ್ತದೆ. ಅದೇ ಕಂಪನಿಯ ಎಲ್‌ಆರ್‌ಎಸ್-100-48 ಅನ್ನುವುದು 48 ವೋಲ್ಟಿಗೆ 2.3 ಆಂಪ್ ಕೊಡುತ್ತದೆ. ನಮಗೆ ಅದರ ಅರ್ಧದಷ್ಟು ಬಿದ್ದರೆ ಹೆಚ್ಚು. ಬಿಳಿಯ 8ಕ್ಕೆ ಇನ್ನೊಂದು ಎಲ್‌ಡಿಡಿ-700ಎಚ್, ನೇರಳೆಯ 4ಕ್ಕೆ ಎಲ್‌ಡಿಡಿ-500ಎಚ್. ನೇರಳೆ ಚಿಪ್ಪುಗಳು ಬೇಗ ಸಾಯುತ್ತವೆ, ಅವಕ್ಕೆ 500 ಮಿಲಿಆಂಪ್ ಸಾಕು. ಮೂರೂ ಡ್ರೈವರ್‌ಗಳಿಗೆ ಪವರ್ ಸಪ್ಲೈ ಒಂದೇ. ಹೀಗೆ ಮೂರು ಬಣ್ಣಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸಬಹುದು. ಪೂರ್ತಿ ಉರಿಸಿದರೆ ಒಟ್ಟು 60 ವ್ಯಾಟಿನ ಆಸುಪಾಸು.

ಈ 60 ವ್ಯಾಟಿನಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಬೆಳಕಾಗದೆ ಬಿಸಿಯಾಗುತ್ತದೆ. ಅದನ್ನು ಗಾಳಿಗೆ ಬಿಡುವ ರೆಕ್ಕೆ ರೆಕ್ಕೆಯ ಅಲ್ಯೂಮಿನಿಯಂ ಪಟ್ಟಿಯೇ ಹೀಟ್ ಸಿಂಕ್. 45 ಸೆಂಟಿಮೀಟರ್ ಉದ್ದ, 12ರಿಂದ 15 ಅಗಲ ಇರಲಿ. ಮೇಲೆ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಒಂದು ಕೂರಿಸಿ. ದೀಪ ಉರಿಯುತ್ತ ಒಂದು ಗಂಟೆಯಾದ ಮೇಲೂ ಹೀಟ್ ಸಿಂಕ್ ಮೇಲೆ ಬೆರಳಿಟ್ಟು ಐದು ಸೆಕೆಂಡ್ ತಾಳಲು ಆಗಬೇಕು. ಆಗದಿದ್ದರೆ ಬಿಸಿ ಹೆಚ್ಚು.

ಟೈಮರ್‌ಗೆ ಎರಡು ದಾರಿ. ಸುಲಭದ್ದು, ಗೋಡೆಯ ಪ್ಲಗ್ಗಿಗೆ ಹಾಕುವ ಡಿಜಿಟಲ್ ಟೈಮರ್. ದೀಪ ಹೊತ್ತುತ್ತದೆ, ಆರುತ್ತದೆ, ಅಷ್ಟೇ. ಇಳಿಸಲು ಏರಿಸಲು ಬರುವುದಿಲ್ಲ. ಹಾಗಾಗಿ ಆರ್ಡುಯಿನೊ ನ್ಯಾನೊ ಎಂಬ ಪುಟ್ಟ ಬೋರ್ಡು, ಹೊತ್ತು ಹೇಳುವ ಡಿಎಸ್3231 ಗಡಿಯಾರ ಚಿಪ್ಪು ಬಳಸಿ ಎಂದೇ ನನ್ನ ಸಲಹೆ. ಡ್ರೈವರಿನಲ್ಲಿ ‘ಡಿಮ್’ ಎಂಬ ತಂತಿ ಇರುತ್ತದೆ. ಆರ್ಡುಯಿನೊ ಅದಕ್ಕೆ ಸೆಕೆಂಡಿಗೆ 490 ಸಲ ಆನ್-ಆಫ್ ಸಂಕೇತ ಕಳಿಸುತ್ತದೆ. ಆನ್ ಇರುವ ಹೊತ್ತು ಹೆಚ್ಚಿದಷ್ಟೂ ಬೆಳಕು ಹೆಚ್ಚು. ಇದಕ್ಕೆ ಪಿಡಬ್ಲ್ಯುಎಂ ಎನ್ನುತ್ತಾರೆ. ಎಂಜಿನಿಯರಿಂಗ್ ಓದುವ ಮಕ್ಕಳು ಮನೆಯಲ್ಲೋ ಪಕ್ಕದ ಮನೆಯಲ್ಲೋ ಇದ್ದೇ ಇರುತ್ತಾರೆ, ಪ್ರೋಗ್ರಾಂ ಬರೆಸಿಕೊಳ್ಳಿ.

ಇಲ್ಲಿ ಎರಡು ಎಚ್ಚರಿಕೆ. ಡಿಮ್ ತಂತಿ ಕಳಚಿದರೆ ಎಲ್‌ಡಿಡಿ ಡ್ರೈವರ್ ಆರುವುದಿಲ್ಲ, ಪೂರ್ತಿ ಉರಿಯುತ್ತದೆ! ಬೋರ್ಡು ಕೆಟ್ಟ ದಿನ ಹವಳ ಬಿಳಿಚುತ್ತದೆ. ಅದಕ್ಕೇ ಡಿಮ್‌ಗೂ ಡ್ರೈವರಿನ ಒಳಬದಿಯ ಮೈನಸ್‌ಗೂ ನಡುವೆ 10 ಕಿಲೋಓಮ್ ರೆಸಿಸ್ಟರ್ ಒಂದು ಹಾಕಿ. ಹಾಕಿದ ಮೇಲೆ ಆರ್ಡುಯಿನೊ ತಂತಿ ಕಳಚಿ, ದೀಪ ಆರಿತೇ ಎಂದು ಪರೀಕ್ಷಿಸಿ. ಎರಡನೆಯದು, ಫ್ಯಾನು ಮತ್ತು ಆರ್ಡುಯಿನೊಗೆ 48 ವೋಲ್ಟಿನಿಂದಲೇ ಇಳಿಸಿಕೊಳ್ಳೋಣ ಎಂದು ಎಲ್‌ಎಂ2596 ಬೋರ್ಡು ತರಬೇಡಿ. ಅದರ ಮಿತಿ 40 ವೋಲ್ಟ್. ಬೇರೆಯೇ 12 ವೋಲ್ಟ್ 1 ಆಂಪ್ ಅಡಾಪ್ಟರ್ ಇಟ್ಟುಬಿಡಿ. ಅದರ ಮೈನಸ್ಸನ್ನೂ 48 ವೋಲ್ಟಿನ ಮೈನಸ್ಸನ್ನೂ ಒಂದು ತಂತಿಯಿಂದ ಸೇರಿಸಿ, ಇಲ್ಲದಿದ್ದರೆ ಡ್ರೈವರಿಗೆ ಸಂಕೇತ ತಿಳಿಯುವುದಿಲ್ಲ. ಆದರೆ ಡ್ರೈವರಿನ ಹೊರಬದಿಯ ಮೈನಸ್ಸನ್ನು ಇದಕ್ಕೆ ಸೇರಿಸಕೂಡದು.

ಕಟ್ಟುವ ಕ್ರಮ

ಮೊದಲು ಹೀಟ್ ಸಿಂಕಿನ ಚಪ್ಪಟೆ ಮೈ ಮೇಲೆ ಪೆನ್ಸಿಲಿನಿಂದ ಜಾಗ ಗುರುತಿಸಿ. ಎಲ್‌ಇಡಿಗಳನ್ನು ಬಣ್ಣದ ಪ್ರಕಾರ ಸಾಲಾಗಿ ಇಡಬೇಡಿ. ಒಂದು ಕಡೆ ನೀಲಿ, ಇನ್ನೊಂದು ಕಡೆ ಬಿಳಿಯಾಗಿ, ಮರಳಿನ ಮೇಲೆ ಬಣ್ಣ ಬಣ್ಣದ ನೆರಳು ಬೀಳುತ್ತದೆ. ನಾಲ್ಕು ಗುಂಪು ಮಾಡಿ. ಪ್ರತಿ ಗುಂಪಿನಲ್ಲಿ 3 ರಾಯಲ್ ಬ್ಲೂ, 2 ಬಿಳಿ, 1 ನೇರಳೆ, ಒತ್ತಾಗಿ.

ಬಿಲ್ಲೆಯ ಕೆಳಗೆ ಥರ್ಮಲ್ ಪೇಸ್ಟ್, ಅಂದರೆ ಶಾಖ ದಾಟಿಸುವ ಲೇಪವನ್ನು ತೆಳ್ಳಗೆ ಸವರಿ. ದಪ್ಪಗೆ ಬಳಿದರೆ ಕೆಲಸ ಕೆಡುತ್ತದೆ. ಮೇಲಿಂದ ಎರಡು ಸಣ್ಣ ಸ್ಕ್ರೂ ಹಾಕಿ. ಸ್ಕ್ರೂವಿನ ತಲೆ ಬೆಸುಗೆಯ ಜಾಗಕ್ಕೆ ತಾಗದಂತೆ ನೈಲಾನ್ ವಾಷರ್ ಇರಲಿ. ಸ್ಕ್ರೂ ಕೊರೆಯುವುದು ಬೇಡವೆಂದರೆ ಥರ್ಮಲ್ ಅಂಟು ಸಿಗುತ್ತದೆ, ಆದರೆ ಒಂದು ಎಲ್‌ಇಡಿ ಕೆಟ್ಟಾಗ ಕಿತ್ತು ತೆಗೆಯುವುದು ರಗಳೆ.

ಬೆಸುಗೆಗೆ 25 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಲದು. ಅಲ್ಯೂಮಿನಿಯಂ ಬಿಲ್ಲೆ ಶಾಖವನ್ನೆಲ್ಲ ಎಳೆದುಕೊಳ್ಳುತ್ತದೆ. 60 ವ್ಯಾಟಿನದು ಬೇಕು. ಬಿಲ್ಲೆಗಳನ್ನು ಹೀಟ್ ಸಿಂಕಿಗೆ ಕೂರಿಸುವ ಮುಂಚೆಯೇ ಅವುಗಳ ಪ್ಲಸ್, ಮೈನಸ್ ಜಾಗಕ್ಕೆ ಸ್ವಲ್ಪ ಲೆಡ್ ಹತ್ತಿಸಿಟ್ಟುಕೊಂಡರೆ ಆಮೇಲೆ ತಂತಿ ಒಂದೆರಡು ಸೆಕೆಂಡಿನಲ್ಲಿ ಕೂರುತ್ತದೆ. ಒಂದು ಎಲ್‌ಇಡಿಯ ಮೈನಸ್ಸಿನಿಂದ ಮುಂದಿನದರ ಪ್ಲಸ್ಸಿಗೆ, ಹೀಗೆ ಕೊನೆವರೆಗೆ. ಒಂದೇ ಒಂದು ತಿರುಗುಮುರುಗಾದರೂ ಆ ಸಾಲೇ ಹೊತ್ತದು.

ಕರೆಂಟು ಕೊಡುವ ಮುಂಚೆ ಮಲ್ಟಿಮೀಟರ್ ಹಿಡಿಯಿರಿ. ಅದನ್ನು ‘ಬೀಪ್’ ಸ್ಥಾನದಲ್ಲಿಟ್ಟು ಒಂದು ಕಡ್ಡಿ ಹೀಟ್ ಸಿಂಕಿಗೆ, ಇನ್ನೊಂದು ಪ್ರತಿಯೊಂದು ಬೆಸುಗೆಗೆ ಮುಟ್ಟಿಸಿ. ಎಲ್ಲೂ ಸದ್ದಾಗಬಾರದು. ಸದ್ದಾದರೆ ಅಲ್ಲಿ ಲೆಡ್ ಹರಿದು ಲೋಹಕ್ಕೆ ತಾಗಿದೆ. ಇನ್ನೊಂದು ಮಾತು: ಡ್ರೈವರಿಗೆ ಕರೆಂಟ್ ಇರುವಾಗ ಎಲ್‌ಇಡಿ ತಂತಿಯನ್ನು ಜೋಡಿಸುವುದು, ಬಿಚ್ಚುವುದು ಮಾಡಬೇಡಿ. ತಂತಿ ಇಲ್ಲದಾಗ ಡ್ರೈವರಿನ ವೋಲ್ಟೇಜು ಮೇಲಕ್ಕೆ ಏರಿ ಕೂತಿರುತ್ತದೆ. ಆಗ ಜೋಡಿಸಿದರೆ ಎಲ್‌ಇಡಿ ಒಂದೇ ಏಟಿಗೆ ಹೋಗಬಹುದು. ಉರಿಯುವ ರಾಯಲ್ ಬ್ಲೂವನ್ನು ನೇರವಾಗಿ ದಿಟ್ಟಿಸಬೇಡಿ. ಕಣ್ಣಿಗೆ ಅಷ್ಟೇನೂ ಪ್ರಖರ ಅನ್ನಿಸುವುದಿಲ್ಲ, ರೆಟಿನಾಕ್ಕೆ ಮಾತ್ರ ಪೆಟ್ಟು ಬೀಳುತ್ತದೆ. ಮಕ್ಕಳಿರುವ ಮನೆಯಲ್ಲಿ ದೀಪದ ಅಂಚಿಗೆ, ಕಣ್ಣಿನ ಮಟ್ಟಕ್ಕಿಂತ ಕೆಳಗೆ ಇಳಿಯುವಂತೆ ಒಂದು ಪಟ್ಟಿ ಕಟ್ಟಿ.

ಎಲ್‌ಇಡಿಗಳ ಕೆಳಗೆ 3 ಮಿಲಿಮೀಟರಿನ ಪಾರದರ್ಶಕ ಅಕ್ರಿಲಿಕ್ ಹಾಳೆ ಬರಲೇಬೇಕು. ಉಪ್ಪುನೀರಿನ ತುಂತುರು ಎಲ್ಲೆಲ್ಲೋ ಹಾರುತ್ತದೆ, ಒಣಗಿ ಉಪ್ಪು ಕಟ್ಟುತ್ತದೆ, ತಾಮ್ರದ ತಂತಿಯನ್ನು ಹಸಿರಾಗಿಸಿ ತಿನ್ನುತ್ತದೆ. ಆ ಹಸಿರು ತೊಟ್ಟಿಗೆ ತೊಟ್ಟಿಕ್ಕಿದರೆ ಅನಾಹುತ. ತಾಮ್ರ ಮೀನಿಗೆ ಕೆಲವೊಮ್ಮೆ ಔಷಧಿ, ಹವಳಕ್ಕೂ ಸೀಗಡಿಗೂ ವಿಷ.

230 ವೋಲ್ಟಿನ ಭಾಗದ ವಿಚಾರದಲ್ಲಿ ರಾಜಿ ಬೇಡ. ಪವರ್ ಸಪ್ಲೈಯ ಸ್ಕ್ರೂಗಳು ಬಯಲಾಗಿರುತ್ತವೆ, ಅದನ್ನು ಮುಚ್ಚಿದ ಡಬ್ಬಿಯೊಳಗೆ ತೊಟ್ಟಿಯಿಂದ ದೂರ ಇಡಿ. ನೀರಿನ ಮೇಲೆ ತೂಗುವುದು 48 ವೋಲ್ಟಿನ ಭಾಗ ಮಾತ್ರ. ಅರ್ಥ್ ತಂತಿಯನ್ನು ಡಬ್ಬಿಗೂ ಹೀಟ್ ಸಿಂಕಿಗೂ ಕೊಡಿ. ತೊಟ್ಟಿಯ ಪ್ಲಗ್ಗುಗಳಿರುವ ಸಾಲಿಗೆ 30 ಮಿಲಿಆಂಪ್ ಆರ್‌ಸಿಸಿಬಿ ಇರಬೇಕು. ಕರೆಂಟು ಸೋರಿದ ಕೂಡಲೇ ಕಡಿಯುವ ಸ್ವಿಚ್ ಇದು. ಹಳೆಯ ಮನೆಗಳಲ್ಲಿ ಹೆಚ್ಚಾಗಿ ಇರುವುದಿಲ್ಲ, ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿ. ಪ್ಲಗ್ಗಿಗೆ ಹೋಗುವ ವೈರು ಒಮ್ಮೆ ಕೆಳಗೆ ಜೋತು ಆಮೇಲೆ ಮೇಲೇರಲಿ. ವೈರಿನ ಮೇಲೆ ಹರಿದು ಬರುವ ನೀರು ಆ ಜೋತ ಜಾಗದಲ್ಲೇ ತೊಟ್ಟಿಕ್ಕುತ್ತದೆ, ಪ್ಲಗ್ಗಿಗೆ ತಲುಪುವುದಿಲ್ಲ.

ಬೆಳಕು ಏರಿಸುವ ಬಗೆ

ದೀಪವನ್ನು ನೀರಿನ ಮಟ್ಟದಿಂದ 20ರಿಂದ 25 ಸೆಂಟಿಮೀಟರ್ ಮೇಲೆ ತೂಗುಹಾಕಿ. ಈ ಎತ್ತರದ ತೊಟ್ಟಿಗೆ ಲೆನ್ಸ್ ಬೇಡ. ಲೆನ್ಸ್ ಬೆಳಕನ್ನು ಒಂದೇ ಕಡೆ ಕೂಡಿಸುತ್ತದೆ, ಮೃದು ಹವಳಕ್ಕೆ ಅದು ಅತಿಯಾಗುತ್ತದೆ.

ನೆರಳುಬಲೆಯ ಕೆಳಗೆ ಬೆಳೆದ ಗಿಡವನ್ನು ನರ್ಸರಿಯವರು ಒಮ್ಮೆಲೇ ಬಿಸಿಲಿಗಿಡುವುದಿಲ್ಲ. ಹವಳವೂ ಹಾಗೆಯೇ. ಮೊದಲ ವಾರ ನೀಲಿ ಶೇಕಡ 25, ಬಿಳಿ ಶೇಕಡ 10. ಆಮೇಲೆ ವಾರಕ್ಕೆ ಶೇಕಡ 5ರಂತೆ ಏರಿಸಿ. ನೀಲಿ 50ರಿಂದ 60, ಬಿಳಿ 25ರಿಂದ 30 ತಲುಪಿದಾಗ ನಿಲ್ಲಿಸಿ. ದಿನಕ್ಕೆ 8ರಿಂದ 9 ಗಂಟೆ ಸಾಕು. ಬೆಳಗ್ಗೆ ಮೆಲ್ಲಗೆ ಏರಿ ಸಂಜೆ ಮೆಲ್ಲಗೆ ಇಳಿಯುವಂತೆ ಮಾಡಿ. ಕಚೇರಿಯಿಂದ ಏಳಕ್ಕೆ ಬರುವವರು ಮಧ್ಯಾಹ್ನ ಒಂದರಿಂದ ರಾತ್ರಿ ಹತ್ತರವರೆಗೆ ಇಟ್ಟುಕೊಂಡರೂ ಹವಳಕ್ಕೆ ತಕರಾರಿಲ್ಲ, ದಿನವೂ ಅದೇ ಹೊತ್ತು ಇದ್ದರಾಯಿತು.

ಹವಳವೇ ನಿಮಗೆ ಹೇಳುತ್ತದೆ. ಬಣ್ಣ ಮಾಸಿ ಬಿಳಿಚಿದರೆ ಅಥವಾ ಮಶ್ರೂಮ್ ಅಂಚು ಮುದುಡಿದರೆ ಬೆಳಕು ಹೆಚ್ಚು. ಉದ್ದುದ್ದ ಚಾಚಿಕೊಂಡು ಕಂದು ತಿರುಗಿದರೆ ಕಡಿಮೆ. ಗಾಜು, ಕಲ್ಲಿನ ಮೇಲೆ ಹಸಿರು ಪಾಚಿ ಹಬ್ಬಿದರೆ ಎಲ್ಲ ತಪ್ಪನ್ನೂ ದೀಪದ ತಲೆಗೆ ಕಟ್ಟಬೇಡಿ. ನಲ್ಲಿಯ ಕಾವೇರಿ ನೀರನ್ನೋ ಬೋರಿನ ಗಡಸು ನೀರನ್ನೋ ನೇರವಾಗಿ ಸುರಿದಿದ್ದರೆ ಮೊದಲು ಅದನ್ನು ಸರಿಪಡಿಸಿ. ಆರ್‌ಓ ಆದ ಮೇಲೆ ಉಳಿದ ಲವಣ ಹಿಡಿಯುವ ಡಿಐ ಫಿಲ್ಟರನ್ನೂ ದಾಟಿದ, ಟಿಡಿಎಸ್ ಸೊನ್ನೆ ತೋರಿಸುವ ನೀರಿಗೆ ಸಮುದ್ರದ ಉಪ್ಪು ಬೆರೆಸಬೇಕು.

‘ಮೊಬೈಲಿನ ಲಕ್ಸ್ ಆ್ಯಪ್‌ನಲ್ಲಿ ಅಳೆಯಬಹುದಲ್ಲ?’ ಲಕ್ಸ್ ಅನ್ನುವುದು ಮನುಷ್ಯನ ಕಣ್ಣಿನ ಅಳತೆ. ಅದು ಹಸಿರಿಗೆ ಹೆಚ್ಚು ಬೆಲೆ ಕೊಡುತ್ತದೆ, ಕಡು ನೀಲಿಯನ್ನು ಲೆಕ್ಕಕ್ಕೇ ಹಿಡಿಯದಷ್ಟು ಕಡಿಮೆ ತೋರಿಸುತ್ತದೆ. ಅದನ್ನು ನಂಬಿ ಬೆಳಕು ಏರಿಸಿದವರ ಹವಳ ಸುಡುತ್ತದೆ. ನಿಜವಾದ ಪಾರ್ ಮೀಟರ್ ದುಬಾರಿ. ಒಂದು ದಿನದ ಮಟ್ಟಿಗೆ ಇನ್ನೊಬ್ಬ ಹವಳ ಸಾಕುವವರಿಂದ ಎರವಲು ತರುವುದೇ ಜಾಣತನ.

ಖರ್ಚು ಮತ್ತು ಅಂಗಡಿ

ಸಾಮಾನು ಸಿಗುವುದು ಎಸ್.ಪಿ. ರೋಡಿನಲ್ಲಿ. ಲಾಲ್‌ಬಾಗ್ ಮೆಟ್ರೋ ನಿಲ್ದಾಣದಲ್ಲಿ ಹತ್ತಿದರೆ ನ್ಯಾಷನಲ್ ಕಾಲೇಜು, ಕೆ.ಆರ್. ಮಾರುಕಟ್ಟೆ ದಾಟಿ ಮೂರನೆಯದು ಚಿಕ್ಕಪೇಟೆ. ಅಲ್ಲಿಂದ ನಡೆಯುವ ದೂರ. ಭಾನುವಾರ ಬಹುಪಾಲು ಅಂಗಡಿ ಮುಚ್ಚಿರುತ್ತವೆ. ಪವರ್ ಸಪ್ಲೈ, ಫ್ಯಾನ್, ಆರ್ಡುಯಿನೊ, ಥರ್ಮಲ್ ಪೇಸ್ಟ್, ವೈರು ಅಲ್ಲೇ ಸಿಗುತ್ತವೆ. ಹಳೆಯ ಯಂತ್ರಗಳಿಂದ ಕಿತ್ತ ಹೀಟ್ ಸಿಂಕನ್ನು ಕೆಲವು ಅಂಗಡಿಗಳಲ್ಲಿ ತೂಕಕ್ಕೆ ಮಾರುತ್ತಾರೆ, ಮನೆಯಿಂದಲೇ ಅಳತೆಪಟ್ಟಿ ಒಯ್ಯಿರಿ. ರಾಯಲ್ ಬ್ಲೂ ಮತ್ತು ನೇರಳೆ ಮಾತ್ರ ಅಂಗಡಿಯಲ್ಲಿ ಕೇಳಿದರೆ ಮಾಮೂಲಿ ನೀಲಿ ಕೊಟ್ಟು ಕಳಿಸುವುದುಂಟು. ನ್ಯಾನೋಮೀಟರ್ ಸಂಖ್ಯೆ ಬರೆದ ಕಾಗದ ತೋರಿಸದವರ ಬಳಿ ಕೊಳ್ಳಬೇಡಿ. ಇವೆರಡನ್ನೂ ಎಲ್‌ಡಿಡಿ ಡ್ರೈವರನ್ನೂ ಆನ್‌ಲೈನಿನಲ್ಲಿ ತರಿಸುವುದು ಮೇಲು.

ಬೆಲೆ ಅಂದಾಜು ಹೀಗಿಟ್ಟುಕೊಳ್ಳಿ. ಹೆಸರಿಲ್ಲದ ಎಲ್‌ಇಡಿ ತಲಾ 50 ರೂಪಾಯಿ ಆಸುಪಾಸು, ಒಳ್ಳೆಯ ಕಂಪನಿಯದು ಅದರ ಮೂರು ನಾಲ್ಕು ಪಟ್ಟು. ಪವರ್ ಸಪ್ಲೈ ಒಂದೂವರೆ ಸಾವಿರ, ಮೂರು ಡ್ರೈವರ್ ಸೇರಿ ಎರಡು ಸಾವಿರ, ಹೀಟ್ ಸಿಂಕ್ ಒಂದು ಸಾವಿರ, ಫ್ಯಾನು ಆರ್ಡುಯಿನೊ ಗಡಿಯಾರ ಅಡಾಪ್ಟರ್ ಎಲ್ಲ ಸೇರಿ ಇನ್ನೊಂದು ಸಾವಿರ. ಅಕ್ರಿಲಿಕ್, ಡಬ್ಬಿ, ಸ್ಕ್ರೂ ಬೇರೆ. ಎಲ್‌ಇಡಿಯ ಗುಣ ನೋಡಿಕೊಂಡು ಒಟ್ಟು 8 ಸಾವಿರದಿಂದ 12 ಸಾವಿರ. ಉಳಿಸುವುದಾದರೆ ಎಲ್‌ಇಡಿಯಲ್ಲಿ ಉಳಿಸಿ, ಪವರ್ ಸಪ್ಲೈಯಲ್ಲಿ ಬೇಡ. ಎಲ್‌ಇಡಿ ಕೆಟ್ಟರೆ ಕತ್ತಲಾಗುತ್ತದೆ. ಅಗ್ಗದ ಪವರ್ ಸಪ್ಲೈ ಕೆಟ್ಟರೆ ಬೆಂಕಿ ಹತ್ತಬಹುದು.

ಇದೇ ಬೆಲೆಗೆ ಚೀನಾದ ಸಿದ್ಧ ದೀಪವೂ ಬರುತ್ತದೆ, ನಿಜ. ಬೆಸುಗೆ ಹಾಕುವುದರಲ್ಲಿ ಖುಷಿ ಇಲ್ಲದವರು ಅದನ್ನೇ ಕೊಂಡುಕೊಳ್ಳಿ, ತಪ್ಪೇನಿಲ್ಲ. ಮನೆಯಲ್ಲಿ ಕಟ್ಟಿದ್ದರಲ್ಲಿ ಲಾಭ ಇರುವುದು ರಿಪೇರಿಯಲ್ಲಿ. ಕೆಟ್ಟ ಒಂದು ಬಿಲ್ಲೆ ಬದಲಿಸಿದರೆ ದೀಪ ಮತ್ತೆ ಹೊತ್ತುತ್ತದೆ.

ಕರೆಂಟಿನ ಬಿಲ್ಲಿಗೆ ಹೆದರಬೇಕಿಲ್ಲ. ಅರ್ಧಕ್ಕೆ ಇಳಿಸಿ ದಿನಕ್ಕೆ 9 ಗಂಟೆ ಉರಿಸಿದರೆ ತಿಂಗಳಿಗೆ ಸುಮಾರು 8 ಯೂನಿಟ್, ಯೂನಿಟ್ಟಿಗೆ 6 ರೂಪಾಯಿ ಹಿಡಿದರೂ 50 ರೂಪಾಯಿ ಆಗದು. 250 ವ್ಯಾಟಿನ ಹಳೆಯ ಮೆಟಲ್ ಹ್ಯಾಲೈಡ್ ಅಷ್ಟೇ ಹೊತ್ತಿಗೆ 67 ಯೂನಿಟ್ ತಿನ್ನುತ್ತಿತ್ತು. ಹಗಲಿರುಳು ಓಡುವ ಪಂಪುಗಳು 40 ವ್ಯಾಟಿನವಾದರೆ ಅವೇ 29 ಯೂನಿಟ್ ಎಳೆಯುತ್ತವೆ. ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಇದನ್ನೆಲ್ಲ ಕೂಡಿಸಿ ನೋಡಿ. ನಿಮಗೆ ನಿಗದಿಯಾದ ಯೂನಿಟ್ ಮೀರಿದರೆ ಮೀರಿದ್ದಕ್ಕೆ ಮಾತ್ರ ಕಟ್ಟಬೇಕು, ಆದರೆ ಒಟ್ಟು 200 ದಾಟಿದ ತಿಂಗಳು ಪೂರ್ತಿ ಬಿಲ್ಲು ಬರುತ್ತದೆ.

ತಿಂಗಳಿಗೊಮ್ಮೆ ದೀಪ ಆರಿಸಿ, ಪ್ಲಗ್ ಕಿತ್ತು, ಅಕ್ರಿಲಿಕ್ ಹಾಳೆಯ ಮೇಲಿನ ಉಪ್ಪನ್ನು ಒದ್ದೆ ಬಟ್ಟೆಯಿಂದ ಒರೆಸಿ. ಉಪ್ಪು ಕಟ್ಟಿದ ಹಾಳೆ ಗೊತ್ತಾಗದಂತೆ ಬೆಳಕು ತಿನ್ನುತ್ತದೆ. ಒರೆಸಿದ ದಿನ ಬೆಳಕು ದಿಢೀರ್ ಏರುವುದರಿಂದ ತೀರಾ ಮಸುಕಾಗಲು ಬಿಡಬೇಡಿ. ಫ್ಯಾನಿನ ಧೂಳನ್ನೂ ಆಗಲೇ ತೆಗೆಯಿರಿ. ಒಂದು ಎಲ್‌ಡಿಡಿ ಡ್ರೈವರ್, ಎರಡು ರಾಯಲ್ ಬ್ಲೂ ಬಿಲ್ಲೆ, ಒಂದು ಫ್ಯಾನ್ ಮನೆಯಲ್ಲಿ ಹೆಚ್ಚುವರಿಯಾಗಿ ಇರಲಿ. ಕರೆಂಟು ಹೋದಾಗ ದೀಪಕ್ಕೆ ಯುಪಿಎಸ್ ಬೇಕಿಲ್ಲ, ಒಂದೆರಡು ದಿನ ಕತ್ತಲಲ್ಲಿದ್ದರೂ ಹವಳ ತಡೆಯುತ್ತದೆ. ಯುಪಿಎಸ್ ಇದ್ದರೆ ಅದನ್ನು ನೀರು ತಿರುಗಿಸುವ ಪಂಪಿಗೆ ಕೊಡಿ.